ಹಿಂದೆ ನಿಂತವಳು ಹೇಳಲಿ

ಕೊಪ್ಪಳದ ಹತ್ತಿ ಜಿನ್ನಿನ ಕಾರ್ಖಾನೆಯ ಅಂಗಳದಲ್ಲಿ ಕುಷ್ಟಗಿಗೆ ಹೊರಡುವ ಜಿನ್ನಿನದೇ ಲಾರಿಗಾಗಿ ಕಾಯುತ್ತಿದ್ದೆ. ಜಿನ್ನು ವಿಲಾಯತಿ ಕಂಪನಿಯದು. ಕೆಲಸಕ್ಕೆ ಸೇರುವ ಹೆಂಗಸು ಗಂಡನ ಹೆಸರನ್ನು ತಾನೇ ಹೇಳಬೇಕೆಂಬುದು ಅಲ್ಲಿಂದ ಬಂದ ಕಾನೂನು. ಅಂದು ಕೆಲಸ ಕೇಳಿ ಸಾಲಿನಲ್ಲಿ ನಿಂತ ಹೆಂಗಸರಲ್ಲಿ ಒಬ್ಬಳೂ ಗಂಡನ ಹೆಸರೆತ್ತಲಿಲ್ಲ. ಕೆಲಸವೇ ಬೇಡವೆಂದು ತಿರುಗಿ ಹೊರಟರು. ಬಿಳಿ ಸಾಹೇಬ ಗುಮಾಸ್ತನನ್ನು ವಿಚಾರಿಸಿ ಕಾನೂನನ್ನು ನಿಂತಲ್ಲೇ ತಿದ್ದಿದ: ಮುಂದಿನವಳ ಗಂಡನ ಹೆಸರನ್ನು ಹಿಂದೆ ನಿಂತವಳು ಹೇಳಲಿ. ಎಲ್ಲರೂ ಒಂದೇ ಓಣಿಯವರು. ಸಾಲು ಸರಸರನೆ ಸಾಗಿತು.

ಕೊನೆಯವಳ ಹಿಂದೆ ಮಾತ್ರ ಯಾರೂ ಇರಲಿಲ್ಲ. ಅವಳು ನನ್ನತ್ತ ನೋಡಿ, "ಕನಕಗಿರಿ ದೇವರ ಹೆಸರ್ರಿ, ಅಕ್ಕೋರ" ಎಂದಳು.

"ಕನಕಪ್ಪ" ಎಂದು ಗುಮಾಸ್ತನಿಗೆ ಹೇಳಿದೆ. ಧಾರವಾಡದಲ್ಲಿ ಓದಿ ಶಿಕ್ಷಕಿಯಾದವಳು ನಾನು. ಒಳಗೊಳಗೇ ನಗು ಬಂತು.

ಆಮೇಲೆ ಗುಮಾಸ್ತ ನನ್ನ ಲಾರಿ ಚೀಟಿ ಬರೆಯತೊಡಗಿದ. "ನಿಮ್ಮ ಯಜಮಾನರ ಹೆಸರೇನ್ರಿ?"

ಬಾಯಿ ತೆರೆದೆ. ಹೆಸರು ಹೊರಬರಲಿಲ್ಲ. ಅತ್ತ ಲಾರಿ ಗುರುಗುಡುತ್ತಿತ್ತು. ದಿಕ್ಕು ತೋಚದೆ ತಿರುಗಿದರೆ, ಆ ಹೆಂಗಸು ಆಗಲೇ ನನ್ನ ಹಿಂದೆ ಬಂದು ನಿಂತಿದ್ದಳು. ಹೋದ ಜೀವ ಬಂದಂತಾಯಿತು.

"ಯಾವ ದೇವರದ್ರಿ, ಅಕ್ಕೋರ?" ಎಂದು ಮೆಲ್ಲಗೆ ಕೇಳಿದಳು.