ಗುಂಡಮ್ಮನ ಹೆಸರೂ ಪಕ್ಕದ ಮನೆಯ ಹಸಿರು ನೋಟ್‌ಬುಕ್ಕೂ

ಹೋದ ವರ್ಷ ನವೆಂಬರ್ ತಿಂಗಳು. ನಮ್ಮಕ್ಕ ಹೆಣ್ಣುಮಗು ಹೆತ್ತು ಆಸ್ಪತ್ರೆಯಿಂದ ಮನೆಗೆ ಬಂದು ಒಂದು ದಿನ ಆಗಿತ್ತು. ಮನೆ ಅಂದ್ರೆ ಟೋಕಿಯೋದ ಎಡೋಗಾವಾದಲ್ಲಿರುವ ಅಕ್ಕ-ಭಾವನ ನಾಲ್ಕನೇ ಮಹಡಿಯ ಫ್ಲ್ಯಾಟು. ಅದರ ಮೂಲೆಯ ಸಣ್ಣ ರೂಮಿನಲ್ಲಿ ನಾನು, ಎರಡು ವರ್ಷದಿಂದ ಬಿಟ್ಟಿ ಬಾಡಿಗೆದಾರ. ಪಕ್ಕದ ಕೋಟೋ ವಾರ್ಡಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಸಪೋರ್ಟ್ ಕೆಲಸ. "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?" ಅಂತ ಜಪಾನೀಸ್‌ನಲ್ಲಿ ವಿನಯವಾಗಿ ಕೇಳೋದಕ್ಕೇ ಅವರು ನನಗೆ ಸಂಬಳ ಕೊಡ್ತಾರೆ.

ನನಗಿರುವ ಒಂದೇ ಪ್ರತಿಭೆ ಮಿಮಿಕ್ರಿ. ಹುಬ್ಬಳ್ಳಿಯ ಭಾವನ "ಏನಪಾ ತಮ್ಮಾ", ಫೋನಿನಲ್ಲಿ ಅಮ್ಮನ "ಊಟ ಆಯ್ತೇನೋ? ಏನೂಟ? ಅಷ್ಟೇನಾ?", ನಮ್ಮ ಮ್ಯಾನೇಜರ್ ಸಾನ್ (ಸಾನ್ ಅಂದ್ರೆ ನಮ್ಮ 'ಅವರು' ಇದ್ದ ಹಾಗೆ) ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು "ಸ್ಸ್... ಅದು ಸ್ವಲ್ಪ ಕಷ್ಟ" ಅನ್ನೋದು, ಎಲ್ಲಾ ಬರುತ್ತೆ. ಎಲ್ಲಕ್ಕಿಂತ ಚೆನ್ನಾಗಿ ಬರೋದು ರೈಲಿನ ಅನೌನ್ಸ್‌ಮೆಂಟು. "ದೋಆ ಗ ಶಿಮಾರಿಮಾಸು", ಅಂದ್ರೆ ಬಾಗಿಲು ಮುಚ್ಚುತ್ತಿದೆ ಅಂತ. ಹೇಳಿ ಮುಗಿಸಿ ನನಗೆ ನಾನೇ "ಸೂಪರ್ ಮಗಾ" ಅಂದುಕೊಳ್ಳೋದೂ ಅಭ್ಯಾಸ. ಬೇರೆ ಯಾರೂ ಹೇಳಲ್ವಲ್ಲ.

ಜಪಾನಿನಲ್ಲಿ ಮಗು ಹುಟ್ಟಿದ ಹದಿನಾಲ್ಕು ದಿನದೊಳಗೆ ವಾರ್ಡ್ ಆಫೀಸಿನಲ್ಲಿ ಹೆಸರು ಬರೆಸಬೇಕು. ನಮ್ಮವರಲ್ಲಿ ಹೆಸರಿಡುವ ಶಾಸ್ತ್ರ ಆಗುವ ತನಕ ಹೆಸರನ್ನ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹಾಗಾಗಿ ಹದಿಮೂರನೇ ದಿನ ತೊಟ್ಟಿಲ ಶಾಸ್ತ್ರ, ಮಾರನೇ ದಿನ ಆಫೀಸು ಅಂತ ಭಾವ ಲೆಕ್ಕ ಹಾಕಿದ್ರು. ಹೆಸರು ಮಾತ್ರ ಆಗಿರಲಿಲ್ಲ. ಬಸುರಿನ ಕೊನೆಯ ಎರಡು ತಿಂಗಳು ಡಾಕ್ಟರು ಅಕ್ಕನಿಗೆ ಮಲಗೇ ಇರಬೇಕು ಅಂದಿದ್ರು. ಅವಳು ನೋಡಿದ್ದೆಲ್ಲ ಕಿಟಕಿಯಾಚೆಯ ಒಂದು ಗಿಂಕ್ಗೊ ಮರ. ಅದು ಹಸಿರಿದ್ದದ್ದು ದಿನಾ ಒಂದಿಷ್ಟು ಹಳದಿಯಾಗೋದನ್ನ ನೋಡ್ತಾ ನೋಡ್ತಾ, "ನನ್ನ ಮಗೂಗೆ ಶರತ್ಕಾಲದ ಹೆಸರೇ ಇಡೋದು" ಅಂತ ಹಠ ಹಿಡಿದಿದ್ಲು. ಬೆಂಗಳೂರಲ್ಲಿ ನಮಗೆ ಶರತ್ಕಾಲ ಅಂದ್ರೆ ದಸರಾ ರಜೆ, ಅಷ್ಟೇ. ಅಮ್ಮ ಫೋನಿನಲ್ಲಿ "ಶಾರದಾ ಅಂತಿಡಿ" ಅಂದ್ರು. ಭಾವ "ಹೇಮಂತಿ" ಅಂದ್ರು. "ಅದು ಮುಂದಿನ ಋತು ರೀ" ಅಂತ ಅಕ್ಕ ತಳ್ಳಿಹಾಕಿದ್ಲು. ನಾನು "ಎಲೆಯುದುರವ್ವ" ಅಂದೆ. ದಿಂಬು ಬಂತು.

ಹೆಸರು ಆಗೋವರೆಗೆ ಮಗುವನ್ನ ಬಾಯಿಗೆ ಬಂದಂತೆ ಕರೀತಿದ್ವಿ. ಪುಟ್ಟಿ, ಬಂಗಾರಿ, ಚಿನ್ನು, ಕತ್ತೆಮರಿ. ಕೆನ್ನೆ ನೋಡಿದ್ರೆ ಗುಂಡಮ್ಮ.

ನಮ್ಮ ಪಕ್ಕದ ಮನೆಯಲ್ಲಿ ಮಿಯಾತಾ ಸಾನ್ ಅಂತ ಎಪ್ಪತ್ತು ದಾಟಿದ ಹೆಂಗಸು, ಒಬ್ಬರೇ ಇದ್ದಾರೆ. ನಮ್ಮ ಬಾಲ್ಕನಿಗೂ ಅವರ ಬಾಲ್ಕನಿಗೂ ನಡುವೆ ಒಂದು ತೆಳ್ಳನೆ ಹಲಗೆ ಮಾತ್ರ. ಹಾಲಿನ ಡಬ್ಬಿಯನ್ನ ಕತ್ತರಿಸಿ, ತೊಳೆದು, ಒಣಗಿಸಿಯೇ ಕಸಕ್ಕೆ ಹಾಕಬೇಕು ಅಂತ ನನಗೆ ಒಮ್ಮೆ ಹತ್ತು ನಿಮಿಷ ಪಾಠ ಮಾಡಿದ್ರು. ಆ ಪಾಠವನ್ನ ನಾನು ಲಿಫ್ಟಿನಲ್ಲಿ ಭಾವನ ಮುಂದೆ, ಅವರದೇ ದನಿಯಲ್ಲಿ, ಅವರದೇ ಹಾಗೆ ಕತ್ತು ಓರೆ ಮಾಡಿ ಅಭಿನಯಿಸುತ್ತಿದ್ದೆ. ಲಿಫ್ಟಿನ ಬಾಗಿಲು ತೆರೀತು. ಎದುರಿಗೇ ಮಿಯಾತಾ ಸಾನ್! ಎಷ್ಟು ಕೇಳಿಸಿಕೊಂಡ್ರೋ ಗೊತ್ತಿಲ್ಲ. ಸೊಂಟದವರೆಗೆ ಬಗ್ಗಿ ನಮಸ್ಕಾರ ಮಾಡಿ ನಕ್ಕರು. ಆ ನಗು ನನಗೆ ಅವತ್ತೇ ಸರಿಬರಲಿಲ್ಲ.

ಮಗು ಹುಟ್ಟಿದ ಏಳನೇ ದಿನ ನಮ್ಮ ಅಂಚೆ ಡಬ್ಬಿಯಲ್ಲಿ ಒಂದು ಚೀಟಿ ಬಿದ್ದಿತ್ತು. ಬಿಲ್ಡಿಂಗ್ ನೋಡಿಕೊಳ್ಳುವವರ ಚೀಟಿ. "ಮುಂಜಾನೆ ಹೊತ್ತಿನಲ್ಲಿ ದನಿ, ಸದ್ದು ಬೇರೆ ಮನೆಗಳಿಗೆ ಕೇಳಿಸದಂತೆ ಎಲ್ಲರೂ ದಯವಿಟ್ಟು ಗಮನ ಕೊಡಬೇಕು." ಇಲ್ಲಿ ಯಾರೂ ಮುಖಕ್ಕೆ ಹೇಳೋದಿಲ್ಲ. ತಪ್ಪು ಮಾಡಿದವನು ಒಬ್ಬ, ಚೀಟಿ ಎಲ್ಲರ ಮನೆಗೆ. ಅವನು ಓದಿ ತಾನಾಗಿ ತಿಳ್ಕೋಬೇಕು.

ಬಿಲ್ಡಿಂಗಿನಲ್ಲಿದ್ದ ಹಸುಗೂಸು ಒಂದೇ, ನಮ್ಮ ಗುಂಡಮ್ಮ. ಅವಳು ಏಳ್ತಿದ್ದದ್ದು ಬೆಳಿಗ್ಗೆ ಐದಕ್ಕೆ.

ಅಕ್ಕ ಚೀಟಿಯನ್ನ ಎರಡು ಸಲ ಓದಿದ್ಲು. ಈ ಮನೆ ಸಿಗೋ ಮುಂಚೆ ಆರು ಕಡೆ ವಿದೇಶಿಯರಿಗೆ ಕೊಡಲ್ಲ ಅಂತ ನಯವಾಗಿ ವಾಪಸ್ ಕಳಿಸಿದ್ರು. ಮುಂದಿನ ತಿಂಗಳು ಬಾಡಿಗೆ ಕರಾರು ಹೊಸದು ಮಾಡಿಸಬೇಕಿತ್ತು. "ಬೇಡ ಅಂದ್ಬಿಟ್ರೆ ಈ ಕೂಸನ್ನ ಎತ್ಕೊಂಡು ಎಲ್ಲಿಗೆ ಹೋಗೋಣ?" ಅಂದ್ಲು.

"ಯಾರೋ ದೂರು ಕೊಟ್ಟಿದ್ದಾರೆ. ಯಾರು ಅಂತ ನಾನು ಕಂಡುಹಿಡೀತೀನಿ" ಅಂದೆ, ಎದೆಯುಬ್ಬಿಸಿ.

ಕಂಡುಹಿಡಿಯೋದು ಕಷ್ಟ ಆಗಲಿಲ್ಲ. ಮಾರನೇ ದಿನ ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದೆ. ಒಳಗೆ ಮಗು ಅತ್ತಿತು. ಅಕ್ಕ "ಯಾಕೆ ಬಂಗಾರಿ, ಯಾಕೆ?" ಅಂದ್ಲು. ಹಲಗೆಯಾಚೆ ಬಾಗಿಲು ಸರಿದ ಸದ್ದು. ಸಂದಿಯಲ್ಲಿ ಇಣುಕಿದೆ. ಸಿಪ್ಪೆ ತೆಗೆದು ದಾರಕ್ಕೆ ಕಟ್ಟಿ ನೇತುಹಾಕಿದ್ದ, ಟೊಮೇಟೊ ಥರ ಕಾಣೋ ಕಾಕಿ ಹಣ್ಣುಗಳ ನಡುವೆ ಮಿಯಾತಾ ಸಾನ್. ಕೈಯಲ್ಲಿ ಹಸಿರು ರಟ್ಟಿನ ಪುಟ್ಟ ನೋಟ್‌ಬುಕ್ಕು. ನಮ್ಮ ಮನೆ ಕಡೆ ಕಿವಿಯಿಟ್ಟು ಏನೋ ಬರ್ಕೊಂಡ್ರು. ಒಳಗೆ ಹೋದ್ರು.

ಸಂಜೆ ಮಗು ಅತ್ತಿತು. ಮತ್ತೆ ಬಾಗಿಲು, ಮತ್ತೆ ನೋಟ್‌ಬುಕ್ಕು.

ನಾನೂ ಸುಮ್ನಿರಲಿಲ್ಲ. ಫೋನಿನಲ್ಲಿ ಬರೆಯೋಕೆ ಶುರು ಮಾಡಿದೆ. "7.10 ಮಗು ಅಳು. 7.11 ಬಾಲ್ಕನಿ ಬಾಗಿಲು. 7.12 ಪೆನ್ಸಿಲ್." ನಮ್ಮ ಬಗ್ಗೆ ಬರೀತಿರೋರ ಬಗ್ಗೆ ನಾನು ಬರೀತಿದ್ದೆ. ಅವತ್ತೇ ಬೀದಿಯಲ್ಲಿ ಮಿಯಾತಾ ಸಾನ್ ತೋಫು ಅಂಗಡಿಯವನ ಜೊತೆ ನೋಟ್‌ಬುಕ್ ಬಿಚ್ಚಿ ಮಾತಾಡ್ತಿದ್ದರು. ಅವನೂ ಗಂಭೀರವಾಗಿ ತಲೆಯಾಡಿಸ್ತಿದ್ದ. ನನ್ನನ್ನ ಕಂಡ ಕೂಡಲೇ ಮಡಚಿಟ್ಟರು. ಸಾಕ್ಷಿ ಕಲೆಹಾಕ್ತಿದ್ದಾರೆ ಅಂತ ನನಗೆ ಖಾತ್ರಿಯಾಯ್ತು.

ಭಾವನಿಗೆ ಹೇಳಿದೆ. "ಲೇ ತಮ್ಮಾ, ಹಂಗ್ಯಾಕ ತಿಳ್ಕೋತಿ? ಪಾಪ, ವಯಸ್ಸಾದಾಕಿ" ಅಂದ್ರು. ಅವರಿಗೆ ಇಡೀ ಜಗತ್ತು ಹುಬ್ಬಳ್ಳಿ. ಆದರೆ ಅಕ್ಕ ನಂಬಿದಳು. ನಾನೇ ನಂಬಿಸಿದೆ. ಲಿಫ್ಟಿನ ಕತೆಯನ್ನೂ ಸೇರಿಸಿ, "ಸೇಡು ತೀರಿಸ್ಕೊಳ್ತಿದಾರೆ ಕಣೇ" ಅಂತ ಮಿಯಾತಾ ಸಾನ್ ದನಿಯಲ್ಲೇ ಫೋನಿನಲ್ಲಿ ದೂರು ಕೊಡೋದನ್ನ ಮಾಡಿ ತೋರಿಸಿದೆ. ನನ್ನ ಮಿಮಿಕ್ರಿ ನೋಡಿ ಅಕ್ಕ ನಗದೇ ಇದ್ದದ್ದು ಅದೇ ಮೊದಲು.

ಅವತ್ತಿಂದ ಕಿಟಕಿಗಳೆಲ್ಲ ಬಂದ್. ಇಷ್ಟಪಟ್ಟು ನೋಡ್ತಿದ್ದ ಗಿಂಕ್ಗೊ ಮರಕ್ಕೂ ಪರದೆ. ಮಗು ಮಿಸುಕಾಡಿದ್ರೆ ಸಾಕು, ಅಕ್ಕ ಎದ್ದು ಎದೆಗೆ ಹಚ್ಚಿಕೊಂಡು ಕೂತಿರೋಳು. ಮೂರು ದಿನ ನೆಟ್ಟಗೆ ನಿದ್ದೆ ಮಾಡಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಹೇಳಿದ್ಲು, "ಶಾಸ್ತ್ರ ಗೀಸ್ತ್ರ ಏನೂ ಬೇಡ. ಹಾಡು, ಗಲಾಟೆ, ನಿಮ್ಮ ಭಾವನ ಕಡೆಯವರ ಹಾಗೆ ಹೆಸರಿಡೋರ ಬೆನ್ನಿಗೆ ಗುದ್ದೋದು ಬೇರೆ. ಯಾವುದೋ ಒಂದು ಹೆಸರು ಬರೆಸಿ ಬಂದ್ಬಿಡಿ."

"ಯಾವುದೋ ಒಂದಾ?" ಅಂದ್ರು ಭಾವ.

"ಯಾವುದಾದ್ರೂ."

ಎರಡು ತಿಂಗಳು ಮಲಗಿ ಒಂದು ಹೆಸರಿಗಾಗಿ ಮರ ನೋಡಿದವಳು ಹೀಗಂದದ್ದು ನನಗೆ ಚುಚ್ಚಿತು. ಭಾವ ಇಂಡಿಯನ್ ಅಂಗಡಿಯಿಂದ ತಂದಿದ್ದ ಮೈಸೂರು ಪಾಕಿನ ಡಬ್ಬಿಯನ್ನ ನನ್ನ ಕೈಗಿಟ್ಟು ಅಂದ್ರು, "ಹೋಗಿ ತಪ್ಪಾತು ಅಂತ ಹೇಳಿ ಬಾ. ಲಿಫ್ಟಿನ್ಯಾಗ ನಕಲಿ ಮಾಡಿದಾಂವ ನೀನಾ ಅಲ್ಲೇನು?"

ಬೆಲ್ ಒತ್ತಿದೆ. ಬಾಗಿಲಿನ ಗಾಜುಕಣ್ಣು ಕತ್ತಲಾಯಿತು, ಅಂದ್ರೆ ನೋಡ್ತಿದ್ದಾರೆ. ಬಾಗಿಲು ತೆರೀತು. ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನ ಒಂದೇ ಉಸಿರಿಗೆ ಒಪ್ಪಿಸಿದೆ. "ಸುಮಿಮಾಸೆನ್, ತಪ್ಪಾಯಿತು. ಬೆಳಗಿನ ಹೊತ್ತು ನಮ್ಮ ಮಗುವಿನಿಂದ ನಿಮಗೆ ತುಂಬಾ ತೊಂದರೆಯಾಗಿದೆ."

"ಮಗುವಿನಿಂದಲಾ?" ಅಂತ ಮಿಯಾತಾ ಸಾನ್ ಕತ್ತು ಓರೆ ಮಾಡಿದ್ರು. ಆಮೇಲೆ "ಒಂದು ನಿಮಿಷ" ಅಂತ ಒಳಗೆ ಹೋಗಿ ಆ ಹಸಿರು ನೋಟ್‌ಬುಕ್ಕನ್ನೇ ತಂದರು. ಮೈಸೂರು ಪಾಕಿನ ಡಬ್ಬಿ ತಗೊಂಡು ನೋಟ್‌ಬುಕ್ಕನ್ನ ನನ್ನ ಕೈಗಿಟ್ಟರು. "ಕೊಡಬೇಕು ಅಂತಿದ್ದೆ. ನಿಮ್ಮ ಕಿಟಕಿ ಮುಚ್ಚಿತ್ತು. ಬಾಣಂತಿ ಮಲಗಿರಬೇಕು ಅಂತ ಬೆಲ್ ಮಾಡಲಿಲ್ಲ. ಇನ್ನೂ ಪೂರ್ತಿ ಆಗಿಲ್ಲ, ಕ್ಷಮಿಸಿ."

ಬಿಚ್ಚಿದೆ. ಬಲಗಡೆ ಹಾಳೆಯಲ್ಲಿ ಹೆಸರುಗಳು! ಕಾಯೆದೆ, ಅಂದ್ರೆ ಮೇಪಲ್ ಎಲೆ, ಹೇಳಿದ್ದು ತೋಫು ಅಂಗಡಿಯವರು, ಅವರ ಮಗಳ ಹೆಸರು. ಚಿಅಕಿ, ಸಾವಿರ ಶರತ್ಕಾಲ, ಹೇಳಿದ್ದು ಹಲ್ಲಿನ ಡಾಕ್ಟರು. ಕೊಹಾರು, ಚಳಿ ಬೀಳುವ ಮುಂಚಿನ ನಾಲ್ಕು ಬೆಚ್ಚಗಿನ ದಿನ, ಅದನ್ನ ಸೂಚಿಸಿದ್ದು ಮಿಯಾತಾ ಸಾನ್ ತಾವೇ. ಹೀಗೆ ಮೂವತ್ತೋ ನಲವತ್ತೋ.

"ನಿಮ್ಮ ಅಕ್ಕ ಬೇಸಿಗೆಯಲ್ಲಿ ನನ್ನನ್ನ ಕೇಳಿದ್ರು. ಇಲ್ಲಿ ಶರತ್ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಏನಂತ ಹೆಸರಿಡ್ತೀರಿ ಅಂತ" ಅಂದ್ರು. ನಮ್ಮಕ್ಕ ಲಿಫ್ಟಿನಲ್ಲಿ ಸುಮ್ಮನೆ ಮಾತಿಗೆ ಕೇಳಿರ್ತಾಳೆ, ನಾವೆಲ್ಲ "ಮತ್ತೇನ್ ಸಮಾಚಾರ" ಅನ್ನೋ ಹಾಗೆ. ಕೇಳಿ ಮರೆತಿದ್ದಾಳೆ. ಈ ಹೆಂಗಸು ಅದನ್ನ ಒಪ್ಪಿಸಿದ ಕೆಲಸ ಅಂತ ತಿಳಿದು ಇಡೀ ಬೀದಿ ಅಲೆದಿದ್ದಾರೆ.

"ಈ ಕಡೆ ಏನು?" ಅಂತ ಎಡಗಡೆ ಹಾಳೆ ತೋರಿಸಿದೆ. ಪುಟ್ಟಿ, ಬಂಗಾರಿ, ಚಿನ್ನು, ಗುಂಡಮ್ಮ, ಕತ್ತೆಮರಿ. ಜಪಾನೀಸ್ ಅಕ್ಷರದಲ್ಲಿ ಒಂದರ ಕೆಳಗೊಂದು, ಪಕ್ಕದಲ್ಲಿ ಗೀಟುಗಳು.

"ನೀವು ದಿನಾ ಬೇರೆ ಬೇರೆ ಹೆಸರಲ್ಲಿ ಕರೆದು ನೋಡ್ತಿದ್ರಲ್ಲ, ಯಾವುದಕ್ಕೆ ಮಗು ಸುಮ್ಮನಾಗುತ್ತೆ ಅಂತ. ಒಳ್ಳೇ ಪದ್ಧತಿ. ನಾನೂ ಲೆಕ್ಕ ಇಟ್ಟೆ. ಗುಂಡಮ್ಮ ಮುಂದಿದೆ" ಅಂದು, ದನಿ ತಗ್ಗಿಸಿ ಕೇಳಿದ್ರು, "ಹಾಗಂದ್ರೇನು?"

"ದುಂಡಗಿರೋಳು ಅಂತ."

ಮಿಯಾತಾ ಸಾನ್ ಬೆರಳಿನಿಂದ ಗಾಳಿಯಲ್ಲಿ ಒಂದು ವೃತ್ತ ಬರೆದರು. "ಆ... ಶರತ್ಕಾಲದ ಚಂದ್ರ!" ಅಂದ್ರು. ನಾನು ತಿದ್ದಲಿಲ್ಲ.

ಆದ್ರೂ ನನ್ನೊಳಗಿನ ಪತ್ತೇದಾರ ಸುಮ್ಮನಿರಬೇಕಲ್ಲ. "ಹಾಗಾದ್ರೆ ಆ ಚೀಟಿ? ಮುಂಜಾನೆ ಸದ್ದು ಅಂತ ಇತ್ತಲ್ಲ?" ಅಂದೆ.

ಅವರು ನೆಲ ನೋಡಿದ್ರು. ಹೇಳಲೋ ಬೇಡವೋ ಅಂತ ಒದ್ದಾಡಿದ್ರು. "ಅದು ಮಗು ಅಲ್ಲ. ಸ್ನಾನದ ಮನೆಯ ಗಾಳಿ ಕೊಳವೆ ಇದೆಯಲ್ಲ, ಅದು ಮೇಲಿಂದ ಕೆಳಗಿನವರೆಗೂ ಒಂದೇ. ಬೆಳಿಗ್ಗೆ ಆರಕ್ಕೆ..." ಅಷ್ಟಕ್ಕೇ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಪಕ್ಕಕ್ಕಿಟ್ಟು, ಮೂಗಿನಲ್ಲಿ ಎಳೆದು ಅಂದ್ರು, "ದೋಆ ಗ ಶಿಮಾರಿಮಾಸೂ..." ಸಣ್ಣಗೆ ಒಮ್ಮೆ ಕೆಮ್ಮಿದ್ರು. ಕೊನೆಗೆ ಅಚ್ಚ ಕನ್ನಡದಲ್ಲಿ, "ಸೂಪರ್ ಮಗಾ."

ದಿನಾ ಸ್ನಾನ ಮಾಡ್ತಾ ನಾನು ಮಾಡೋ ಅಭ್ಯಾಸ ಅದು! ನನ್ನ ಕೆಮ್ಮು, ನನ್ನ ಮೂಗು, ನನ್ನ ಹೊಗಳಿಕೆ. ಇಪ್ಪತ್ತಾರು ವರ್ಷದಲ್ಲಿ ನನ್ನನ್ನ ಯಾರೂ ಹೀಗೆ ಮಾಡಿ ತೋರಿಸಿರಲಿಲ್ಲ. ನಾನು ಅಷ್ಟು ಕೆಟ್ಟದಾಗಿ ಮಾಡ್ತೀನಿ ಅಂತಲೂ ಗೊತ್ತಿರಲಿಲ್ಲ.

"ನನಗೇನೂ ತೊಂದರೆ ಇಲ್ಲ. ಅದನ್ನ ಕೇಳಿಯೇ ಏಳ್ತೀನಿ" ಅಂತ ಬಗ್ಗಿ ನಮಸ್ಕಾರ ಮಾಡಿದ್ರು. ಲಿಫ್ಟಿನ ಹೊರಗೆ ನಕ್ಕಿದ್ರಲ್ಲ, ಅದೇ ನಗು.

ಮನೆಗೆ ಬಂದು ನೋಟ್‌ಬುಕ್ಕನ್ನ ಅಕ್ಕನ ತೊಡೆ ಮೇಲಿಟ್ಟು ಎಲ್ಲಾ ಹೇಳಿದೆ. ಸ್ನಾನದ ಮನೆ ವಿಷಯ ಮಾತ್ರ ನುಂಗಿಬಿಡೋಣ ಅನಿಸಿತ್ತು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಅದನ್ನೂ ಹೇಳಿದೆ. "ಲೋ ಚೇತೂ! ನಿನ್ನ ರೈಲಿಗೆ ನನ್ನ ಮಗೂನ ಉಸಿರು ಕಟ್ಟಿಸಿ ಕೂರಿಸಿದ್ದೆನಲ್ಲೋ!" ಅಂತ ಎರಡು ದಿಂಬು, ಒಂದು ಪೌಡರ್ ಡಬ್ಬಿ ಎಸೆದಳು. ಆಮೇಲೆ ಅತ್ತಳು. ಆಮೇಲೆ ಎದ್ದು ಹೋಗಿ ಪರದೆ ಸರಿಸಿದಳು. ಮೂರು ದಿನದಲ್ಲಿ ಗಿಂಕ್ಗೊ ಪೂರ್ತಿ ಹಳದಿಯಾಗಿತ್ತು. ಆ ಸಂಜೆ ಅಕ್ಕ-ಭಾವ ಇಬ್ಬರೂ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತರು.

ಹದಿಮೂರನೇ ದಿನ ನಾನೂ ಭಾವನೂ ರಜೆ ಹಾಕಿದ್ವಿ. ಬಟ್ಟೆ ಬುಟ್ಟಿಯೇ ತೊಟ್ಟಿಲು. ಫೋನಿನೊಳಗೆ ಬೆಂಗಳೂರಿನ ಅಮ್ಮ, ಹುಬ್ಬಳ್ಳಿಯಿಂದ ಭಾವನ ಅಕ್ಕ. ಭಾವನ ಕಡೆ ಪದ್ಧತಿ ಏನಂದ್ರೆ, ಸೋದರತ್ತೆ ಮಗುವಿನ ಕಿವಿಯಲ್ಲಿ "ಕುರ್ರ್" ಅಂತ ಹೇಳಿ ಹೆಸರು ಉಸುರಬೇಕು. ಉಸುರುವಾಗ ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ಫೋನಿನೊಳಗಿರುವ ಅತ್ತೆಯ ಬೆನ್ನಿಗೆ ಹೇಗೆ ಗುದ್ದೋದು? "ನನ್ನ ಬದಲು ಆ ಬಾಜೂ ಮನಿಯಾಕಿ ಹೇಳ್ಲಿ" ಅಂತ ಆಕೆಯೇ ಎರಡು ದಿನ ಮುಂಚೆ ಅಂದಿದ್ರು.

ಮಿಯಾತಾ ಸಾನ್ ರೇಷ್ಮೆ ಕಿಮೋನೋ ಉಟ್ಟು ಬಂದಿದ್ರು. ಗುದ್ದುವ ವಿಷಯ ನಾನು ತಡವರಿಸ್ತಾ ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, ಬುಟ್ಟಿಯ ಮೇಲೆ ಬಗ್ಗಿ ಬೆನ್ನು ಕೊಟ್ಟರು. "ಗುದ್ದೋ, ಅನುಮಾನಪಟ್ಟೋನು ನೀನೇ ತಾನೆ" ಅಂತ ಅಕ್ಕ ನನ್ನನ್ನ ಮುಂದೆ ನೂಕಿದ್ಲು. ಹೂವು ಮುಟ್ಟಿದ ಹಾಗೆ ಮುಟ್ಟಿದೆ.

"ಜೋರಾಗಿ" ಅಂದ್ರು, ತಲೆ ಎತ್ತದೆ.

ಸ್ವಲ್ಪ ಜೋರಾಗಿಯೇ ಗುದ್ದಿದೆ. "ಕುರ್ರ್... ಕೌಮುದಿ." ಶರತ್ಕಾಲದ ಬೆಳದಿಂಗಳು. ಅವರ ಬಾಯಲ್ಲಿ ಅದು ಎಷ್ಟು ಸ್ಪಷ್ಟವಾಗಿ ಬಂತು ಅಂದ್ರೆ ಫೋನಿನೊಳಗೆ ಅಮ್ಮ "ಅಯ್ಯೋ, ನಮ್ಮೋರೇ" ಅಂದ್ರು. ಎರಡು ದಿನ ಬಾಲ್ಕನಿಯಲ್ಲಿ, ಮಗುವಿಗೆ ಕೇಳಿಸದ ಹಾಗೆ, ಅಕ್ಕನಿಂದ ಪಿಸುದನಿಯಲ್ಲಿ ಹೇಳಿಸಿಕೊಂಡು ಅಭ್ಯಾಸ ಮಾಡಿದ್ರಂತೆ.

ಹೆಸರು ಹೇಳಿದ ಮೇಲೂ ಅವರು ತಕ್ಷಣ ತಲೆ ಎತ್ತಲಿಲ್ಲ. ಮಗುವಿನ ಕಿವಿಯಲ್ಲಿ ಇನ್ನೂ ಏನೋ ಒಂದು ಮಾತು ಹೇಳಿದ್ರು. ಏನು ಅಂತ ಎಷ್ಟು ಕೇಳಿದರೂ ನಗ್ತಾರೆಯೇ ಹೊರತು ಹೇಳೋದಿಲ್ಲ.

ಕರಾರು ಹೊಸದಾಯಿತು. ನಾನು ಬೆಳಿಗ್ಗೆ ಬಾಯಿ ಮುಚ್ಕೊಂಡು ಸ್ನಾನ ಮಾಡ್ತೀನಿ. ಯಾರನ್ನಾದ್ರೂ ನಕಲು ಮಾಡೋ ಮುಂಚೆ ಪಕ್ಕದ ಗೋಡೆ ಕಡೆ ಒಮ್ಮೆ ನೋಡ್ತೀನಿ. ಜನರ ಮೇಲೆ ಅನುಮಾನ ಪಡೋದನ್ನ ಬಿಟ್ಟಿದ್ದೀನಿ ಅಂತ ಎಲ್ಲರಿಗೂ ಹೇಳ್ತೀನಿ. ಆದರೆ ಮಗು ನನ್ನ ಮುಖ ಕಂಡಾಗಲೆಲ್ಲ, ಬೇರೆ ಯಾರಿಗೂ ನಗದ ಹಾಗೆ ಕೇಕೆ ಹಾಕಿ ನಗುತ್ತೆ. ಅವತ್ತು ಆ ಕಿವಿಯಲ್ಲಿ ಮಿಯಾತಾ ಸಾನ್ ನನ್ನ ಬಗ್ಗೆ ಏನು ಹೇಳಿಬಿಟ್ಟರೋ ಅನ್ನೋ ಒಂದು ಅನುಮಾನ ಮಾತ್ರ ನನಗಿನ್ನೂ ಹೋಗಿಲ್ಲ.