ಅಂಗಳದ ಅಳತೆಗಲ್ಲು

ಕಲಬುರಗಿಯ ಸರ್ವೆ ತರಬೇತಿ ಶಾಲೆಯಲ್ಲಿ ಪಾಠ ಹೇಳುವುದರ ಜೊತೆಗೆ, ಜಿಲ್ಲೆಯ ಅಳತೆ ಸರಪಳಿಗಳನ್ನು ತಾಳೆ ನೋಡಿ ಸಹಿ ಹಾಕುವ ಕೆಲಸವೂ ನನ್ನದೇ ಆಗಿತ್ತು. ಅಂಗಳದಲ್ಲಿ ಗೆರೆ ಕೊರೆದ ಎರಡು ಕಲ್ಲು ಹೂಳಿದ್ದರು. ಆ ಗೆರೆಯಿಂದ ಈ ಗೆರೆಗೆ ಸರಿಯಾಗಿ ಒಂದು ಸರಪಳಿಯ ಉದ್ದ. ಎಳೆದಾಡಿ ಎಳೆದಾಡಿ ಸರಪಳಿಯ ಕೊಂಡಿಗಳು ಸವೆದು ಉದ್ದವಾಗುತ್ತವೆ, ಕಲ್ಲು ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಬಲು ಜಂಬದಿಂದ ಹೇಳುತ್ತಿದ್ದೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ವರ್ಷ ದಾಟಿತ್ತು. ಹೈದರಾಬಾದಿನಿಂದ ಹೊಸ ಉಕ್ಕಿನ ಟೇಪು ಬಂತು. ಕಲ್ಲುಗಳ ನಡುವೆ ಹಿಡಿದರೆ ಒಂದು ಸರಪಳಿಗಿಂತ ನಾಲ್ಕು ಬೆರಳು ಹೆಚ್ಚು! ಟೇಪನ್ನೇ ಬೈದು ಇನ್ನೆರಡು ಸಲ ಹಿಡಿದೆ. ಅಷ್ಟೇ ಬಂತು. ಶಾಲೆಯ ಮುದುಕ ಜವಾನನನ್ನು ಕರೆದು ಕೇಳಿದೆ. ಶಾಲೆ ಮುಚ್ಚಿದ್ದ ಗಲಾಟೆಯ ದಿನಗಳಲ್ಲಿ ಹಳ್ಳಿಗಳಿಂದ ಓಡಿಬಂದವರು ಶಾಲೆಯಲ್ಲಿ ಉಳಿದಿದ್ದರಂತೆ, ಒಲೆ ಹೂಡಲು ಒಂದು ಕಲ್ಲನ್ನು ಕಿತ್ತಿದ್ದರಂತೆ.

“ಅವ್ರು ಹೋದ ಮ್ಯಾಲ ಮಸಿ ತೊಳದು, ಗಚ್ಚು ಹಾಕಿ ಅಲ್ಲೇ ಕೂಡಿಸೀನ್ರಿ ಸಾಹೇಬ್ರ,” ಎಂದ. ಮುಖದಲ್ಲಿ ಹೆಮ್ಮೆಯಿತ್ತು. ಅವನನ್ನು ಬೈಯಲು ನನಗೆ ಹಕ್ಕೆಲ್ಲಿತ್ತು? ವರ್ಷವಿಡೀ ಆ ಕಲ್ಲಿಗೆ ಸರಪಳಿ ಹೊಂದಿಸಿ ಸಹಿ ಹಾಕಿದವನು ನಾನು.

ಅಂಥ ಒಂದು ಸರಪಳಿ ಕಮಲಾಪುರಕ್ಕೆ ಹೋಗಿತ್ತು. ಅಲ್ಲಿ ಕೆಂಪು ಬಾಳೆಯ ತೋಟವಿದ್ದ ಒಬ್ಬ ವಿಧವೆಗೂ ಪಕ್ಕದ ಹೊಲದವನಿಗೂ ಗಡಿ ತಕರಾರು. ಅವನ ಹೊಲದ ಆಚೆ ಮೂಲೆಯಿಂದ ಇಪ್ಪತ್ತು ಸರಪಳಿ ಅಳೆದು ಗಡಿಕಲ್ಲು ನೆಟ್ಟಿದ್ದರು. ಸರಪಳಿಗೆ ನಾಲ್ಕು ಬೆರಳಿನಂತೆ ಲೆಕ್ಕ ಹಾಕಿದೆ, ಗಡಿ ಐದು ಅಡಿ ಆಕೆಯ ಕಡೆಗೆ ಸರಿದಿತ್ತು. ಆಕೆಯ ಬಾಳೆಯ ಒಂದು ಸಾಲು ಪೂರ್ತಿ ಅವನ ಪಾಲಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ತಪ್ಪು ನನ್ನದೇ ಎಂದು ಕಚೇರಿಗೆ ಬರೆದುಕೊಟ್ಟೆ. ಒಂದು ಗಡಿ ತಿದ್ದಿದರೆ ಆ ವರ್ಷ ಅಳೆದ ಎಲ್ಲ ಗಡಿಗಳ ಜಗಳವೂ ಏಳುತ್ತದೆ, ಊರು ಈಗಷ್ಟೇ ತಣ್ಣಗಾಗಿದೆ, ಸುಮ್ಮನಿರಿ ಎಂದು ಅಧಿಕಾರಿ ಕಾಗದ ಹಿಂದಕ್ಕೆ ಕೊಟ್ಟರು. ಅವರು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ನನಗೆ ಮುಂದೆ ದಾರಿ ಕಾಣಲಿಲ್ಲ.

ಆದರೂ ಕಮಲಾಪುರಕ್ಕೆ ಹೋಗಿ ಆಕೆಗೆ ಎಲ್ಲವನ್ನೂ ಹೇಳಿದೆ. ಆಕೆ ಒಳಗೆ ಹೋಗಿ ಅಳತೆಗೆಂದು ಗಂಟು ಹಾಕಿದ ಹಳೆಯ ಹಗ್ಗವೊಂದನ್ನು ತಂದಳು. ಗಂಡ ಗಡಿ ಅಳೆದು ಬಾಳೆ ನೆಟ್ಟದ್ದು ಅದರಿಂದಲೇ. ಸರಪಳಿ ಹಿಡಿದು ಬಂದವರಿಗೂ ತೋರಿಸಿದ್ದಳಂತೆ. ಅವರು ನಕ್ಕಿದ್ದರಂತೆ.

“ಈ ಹಗ್ಗ ಖರೇ ಇತ್ತು ಅಂತ ಒಂದ್ ಚೀಟಿ ಬರದು ಸಹಿ ಹಾಕ್ರಿ ಮಾಸ್ತರ,” ಎಂದಳು.

ಅಂಥ ಚೀಟಿ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಬರೆದು, ಸಹಿ ಹಾಕಿ ಕೊಟ್ಟೆ. ಆಕೆ ಅದನ್ನು ನಾಲ್ಕಾಗಿ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು.