ಧರ್ಮಪ್ಪನವರ ತೋಟಕ್ಕೆ ನಾನು ಬರೆದ ಸುಣ್ಣ

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಮೈಸೂರಿನಲ್ಲಿ ಹಾಸನದ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಒಂದು ಸ್ವೆಟರ್, ಹನ್ನೊಂದು ಹಾಳೆಯ ಭಾಷಣ. ಹಾಳೆ ನೋಡಿ ಓದುವಂತಿಲ್ಲ ಎಂದು ಕರೆದವರು ಮೊದಲೇ ತಿಳಿಸಿದ್ದರು. ಆದರೂ ಧೈರ್ಯಕ್ಕೆ ಇರಲಿ ಎಂದು ಇಟ್ಟುಕೊಂಡಿದ್ದೆ.

ಕರೆದವರು ಹೊಂಗಡಹಳ್ಳದ ಹತ್ತಿರದ ಒಂದು ಕಾಫಿ ಎಸ್ಟೇಟಿನ ರೈಟರ್ ಶಿವಣ್ಣ. ಆಳುಗಳ ಹಾಜರಿ ಹಾಕಿ ಕೆಲಸ ನೋಡಿಕೊಳ್ಳುವವರನ್ನು ಆ ಕಡೆ ರೈಟರ್ ಎನ್ನುತ್ತಾರೆ. ವರ್ಷಕ್ಕೊಮ್ಮೆ, ಕಾಫಿ ಕುಯ್ಲು ಮುಗಿದ ಮೇಲೆ, ಅವರು ಬೇರೆ ಬೇರೆ ಕೆಲಸದ ಮೂರು ನಾಲ್ಕು ಜನರನ್ನು ಕರೆಸಿ ಊರವರ ಮುಂದೆ ಮಾತಾಡಿಸುತ್ತಿದ್ದರು. ಹಾರ ಇಲ್ಲ, ಸ್ವಾಗತ ಭಾಷಣ ಇಲ್ಲ, ತಮ್ಮ ತಮ್ಮ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ. ನನ್ನದು ಮಣ್ಣು ಪರೀಕ್ಷೆಯ ಕೆಲಸ. ರೈತರು ಚೀಲದಲ್ಲಿ ಕಳಿಸಿದ ಮಣ್ಣನ್ನು ನೋಡಿ, ಯಾವ ಗೊಬ್ಬರ ಎಷ್ಟು, ಸುಣ್ಣ ಎಷ್ಟು ಎಂದು ಬರೆದು ಕಳಿಸುವುದು.

ಶಿವಣ್ಣನವರ ಪತ್ರ ಬಂದಾಗ ನನಗೆ ಮೊದಲು ಕಂಡದ್ದು ಊರಿನ ಹೆಸರು. ಆರು ವರ್ಷದ ಹಿಂದೆ, ಬೇರೆ ಊರಿನ ಸರ್ಕಾರಿ ಪ್ರಯೋಗಾಲಯದಲ್ಲಿದ್ದಾಗ, ನಾನು ಎರಡು ಚೀಲಗಳ ನಂಬರು ಅದಲುಬದಲು ಮಾಡಿದ್ದೆ. ಒಂದು ಪಾಳ್ಯದ ಕಡೆಯ ರೈತರೊಬ್ಬರದು, ಹುಳಿ ಮಣ್ಣು, ಸುಣ್ಣ ಬೇಕಾಗಿದ್ದದ್ದು. ಇನ್ನೊಂದು ಹೊಂಗಡಹಳ್ಳದ ಧರ್ಮಪ್ಪ ಎಂಬುವರದು, ಸುಣ್ಣವೇ ಬೇಡವಾಗಿದ್ದ ಒಳ್ಳೆಯ ಮಣ್ಣು. ನಾನು ಧರ್ಮಪ್ಪನವರ ತೋಟಕ್ಕೆ ಎಕರೆಗೆ ಎರಡು ಟನ್ನು ಸುಣ್ಣ ಬರೆದೆ. ನಾಲ್ಕು ತಿಂಗಳಾದ ಮೇಲೆ ಪಾಳ್ಯದವರು ತಾವೇ ಬಂದು, ನಮ್ಮ ಮಣ್ಣಿಗೆ ಸುಣ್ಣ ಬೇಡವಾ ಎಂದು ಕೇಳಿದಾಗಲೇ ನನ್ನ ತಪ್ಪು ಗೊತ್ತಾದದ್ದು. ಅವರಿಗೆ ಅಲ್ಲೇ ತಿದ್ದಿ ಕೊಟ್ಟೆ. ಧರ್ಮಪ್ಪನವರಿಗೆ ಕಾಗದ ಬರೆದೆ, ಉತ್ತರ ಬರಲಿಲ್ಲ. ಅಷ್ಟರಲ್ಲಿ ಮೈಸೂರಿಗೆ ವರ್ಗವಾಯಿತು. ಅತಿಯಾಗಿ ಸುಣ್ಣ ಬಿದ್ದರೆ ಕಾಫಿ ಗಿಡ ಹಳದಿಯಾಗಿ ಸೊರಗುತ್ತದೆ. ಒಂದು ಸಲ ಹೋಗಿ ನೋಡಬೇಕಿತ್ತು, ಹೋಗಲಿಲ್ಲ. ಹೋಗದಿರಲು ಕಾರಣ ರಜೆ ಸಿಗದ್ದಲ್ಲ, ಭಯ.

"ಈಗಲಾದರೂ ಹೋಗಿಬನ್ನಿ. ಆ ಊರಿನ ಹೆಸರು ಬಂದಾಗೆಲ್ಲ ನಿಮ್ಮ ಮುಖ ನೋಡೋಕಾಗಲ್ಲ" ಎಂದಳು ಹೆಂಡತಿ.

ಹಾಸನದಲ್ಲಿ ಇಡ್ಲಿ ತರಿಸಿದೆ, ಅರ್ಧಕ್ಕೇ ಬಿಟ್ಟೆ. ಅಲ್ಲಿಂದ ಸಕಲೇಶಪುರದ ಬಸ್ಸು. ಪಾಳ್ಯದ ಹತ್ತಿರ ಭತ್ತ ಕೊಯ್ದ ಗದ್ದೆಗಳಲ್ಲಿ ದನ ಮೇಯುತ್ತಿದ್ದವು, ಗದ್ದೆಯ ಅಂಚಿನಿಂದಲೇ ಕಾಫಿ ಶುರುವಾಗಿತ್ತು. ಮಳೆ ಬಿದ್ದು ತಿಂಗಳುಗಳಾಗಿ ರಸ್ತೆ ಬದಿಯ ಗಿಡಗಳೆಲ್ಲ ಧೂಳಿನ ಬಣ್ಣ. ಸಕಲೇಶಪುರದಲ್ಲಿ ಒಂದು ಗಂಟೆ ಕಾದು ಬಿಸಿಲೆ ಕಡೆಯ ಬಸ್ಸು ಹತ್ತಿದೆ. ಇಂಜಿನ್ ಪಕ್ಕದ ಸೀಟು, ಕಾಲಿಗೆ ಬಿಸಿ.

"ಹೊಂಗಡಹಳ್ಳ ಒಂದು" ಎಂದೆ.

"ರೈಟರ್ ಶಿವಣ್ಣನ ಮೀಟಿಂಗಿಗಾ ಸಾ?" ಕಂಡಕ್ಟರು ನನ್ನ ಬ್ಯಾಗು ನೋಡಿದ. "ಮಣ್ಣಿನ ಸಾಹೇಬ್ರು ಬತ್ತಾರೆ ಅಂತಿದ್ರು. ತೋಟದೋರೆಲ್ಲ ನಿಮ್ಮನ್ನೇ ಕಾಯ್ತಾವ್ರೆ ಕಣ್ರೀ."

ಒಳ್ಳೆಯ ಮಾತನ್ನೇ ಹೇಳಿದ್ದ. ನನಗೆ ಮಾತ್ರ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡೋಣ ಅನ್ನಿಸಿತು. ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಪ್ರತಿ ತಿರುವಿನಲ್ಲೂ ತೋಟಗಳ ಎಲೆಯ ಬಣ್ಣ ನೋಡುತ್ತ ಹೋದೆ. ಯಾವುದು ಧರ್ಮಪ್ಪನವರದೋ ಗೊತ್ತಿರಲಿಲ್ಲ.

ಸಂಜೆ ಶಿವಣ್ಣನವರ ಮನೆಯಲ್ಲಿ ಅಕ್ಕಿರೊಟ್ಟಿ, ಹುರುಳಿ ಸಾರು. ಧರ್ಮಪ್ಪನವರ ಬಗ್ಗೆ ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬೇರೇನೋ ಕೇಳಿದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಸ್ಟೇಟಿನ ಕಣದಲ್ಲಿ ಜನ ಸೇರಿದರು. ಕಾಫಿ ಒಣಗಿಸುವ ವಿಶಾಲವಾದ ಸಿಮೆಂಟು ಕಣ. ಮೇಲೆ ಟಾರ್ಪಾಲು ಕಟ್ಟಿದ್ದರು. ಒಂದೆರಡು ಎಕರೆಯ ಬೆಳೆಗಾರರು, ದೊಡ್ಡ ತೋಟದವರು, ಎಸ್ಟೇಟಿನ ಸಾಲುಮನೆಗಳ ಕೂಲಿಯವರು, ಎಲ್ಲರೂ ಒಂದೇ ಜಮಖಾನದ ಮೇಲೆ. ಹಿಂದೆ ಗೋಡೆಗೆ ಒರಗಿ ಕೆಲವರು ನಿಂತಿದ್ದರು.

ಮೊದಲು ಮಾತಾಡಿದವರು ಕೃಷ್ಣಪ್ಪ. ಎಡಕುಮೇರಿಯ ಕಾಡಿನಲ್ಲಿ ರೈಲು ಹಳಿಯ ಉದ್ದಕ್ಕೂ ನಡೆದು, ಹಳಿ ಹಿಡಿದಿಡುವ ಕೀಲಿಗಳನ್ನು ಬಿಗಿದು, ಮಣ್ಣು ಕುಸಿದಿದೆಯೇ ಎಂದು ನೋಡುವುದು ಅವರ ಕೆಲಸವಾಗಿತ್ತು. ಈಗ ನಿವೃತ್ತರು. ಒಂದು ಮಳೆಗಾಲದ ಬೆಳಿಗ್ಗೆ ಸುರಂಗದ ಬಾಯಲ್ಲಿ ಗುಡ್ಡದ ಮಣ್ಣು ಬಿದ್ದಂತೆ ಕಂಡು, ಓಡಿಹೋಗಿ ಕೆಂಪು ಬಾವುಟ ತೋರಿಸಿ ಗೂಡ್ಸ್ ಗಾಡಿ ನಿಲ್ಲಿಸಿದ್ದರಂತೆ. ಹತ್ತಿರ ಹೋದರೆ ಬೇರು ಸಮೇತ ಕಿತ್ತು ಬಿದ್ದ ಜರಿಗಿಡದ ಒಂದು ಪೊದೆ. ಕಾಲಲ್ಲಿ ನೂಕಿದರೆ ಉರುಳಿಹೋಯಿತು.

"ಡ್ರೈವರ್ ಬೈದದ್ದ ಇಲ್ಲಿ ಹೇಳಾಕಾಗಲ್ಲ, ಹೆಣ್ಮಕ್ಕಳವ್ರೆ" ಎಂದರು. ಜನ ನಕ್ಕರು. "ನನ್ನ ಕಣ್ಣಿಂದು ತಪ್ಪಾಯ್ತು ಮಾರಾಯ ಅಂತ ಅಲ್ಲೇ ಹೇಳ್ಬುಟ್ಟೆ. ಅವನೂ ಸುಮ್ಮನಾದ. ಇಬ್ರೂ ಒಂದೊಂದು ಬೀಡಿ ಸೇದಿ ಹೊಂಟ್ವಿ."

ಆಮೇಲೆ ಪಾಳ್ಯದ ನರ್ಸ್ ಲಲಿತಮ್ಮ. ಬಸುರಿಯರನ್ನು ಚುಚ್ಚುಮದ್ದಿಗೆ ಕರೆದು ಕರೆದು ಸಾಕಾಗಿ, ಕೊನೆಗೆ ಅವರ ಅತ್ತೆಯರನ್ನು ಕರೆದು ಕೂರಿಸಿ ಮಾತಾಡಿಸಿದ ಮೇಲೆ ಎಲ್ಲರೂ ಬರತೊಡಗಿದ ಕಥೆ ಹೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಕೃಷ್ಣಪ್ಪ ಎಷ್ಟು ಸಲೀಸಾಗಿ ಹೇಳಿದರಲ್ಲ ಎಂಬುದೇ ತಲೆಯಲ್ಲಿತ್ತು.

ಶಿವಣ್ಣ ನನ್ನ ಹೆಸರು ಕರೆದರು. ಮಣ್ಣನ್ನು ಹೇಗೆ ತೆಗೆಯಬೇಕು ಎಂದು ಶುರುಮಾಡಿದೆ. ಐದು ನಿಮಿಷವಾಗಿರಬಹುದು. ಚೀಲಕ್ಕೆ ಚೀಟಿ ಕಟ್ಟುವ ವಿಷಯಕ್ಕೆ ಬಂದಾಗ ಮಾತು ನಿಂತುಹೋಯಿತು. ಯಾರೋ ನೀರು ತಂದುಕೊಟ್ಟರು. ಕುಡಿದು, ನಡೆದದ್ದನ್ನೆಲ್ಲ ಹೇಳಿದೆ. ಚೀಲದ ನಂಬರು, ಎರಡು ಟನ್ನು, ಉತ್ತರ ಬರದ ಕಾಗದ, ಬರದೇ ಉಳಿದ ನಾನು. "ಅವರು ಈ ಊರಿನವರೇ. ಹೆಸರು ಹೇಳುವುದಿಲ್ಲ. ಅವರ ತೋಟ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಕ್ಷಮೆ ಕೇಳಬೇಕು" ಎಂದೆ.

ಹಿಂದಿನ ಗೋಡೆಯ ಹತ್ತಿರದಿಂದ ಬಿಳಿ ಅಂಗಿಯ ದಪ್ಪನೆಯ ಮನುಷ್ಯರೊಬ್ಬರು ಮುಂದೆ ಬಂದರು.

"ಅದು ನಾನೇ ಸಾ. ಧರ್ಮಪ್ಪ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವರು ಮುಂದೆ ಏನು ಹೇಳುತ್ತಿದ್ದರೋ, ಹೆಂಗಸರ ಸಾಲಿನಿಂದ ಅವರ ಹೆಂಡತಿ ಗಂಗಮ್ಮ ಎದ್ದು ನಿಂತರು.

"ಸುಣ್ಣ ಹಾಕಿದ್ರೆ ತಾನೇ ಸಾ ತೋಟ ಹಾಳಾಗಾದು? ನಿಮ್ಮ ಕಾಗದ ನೋಡಿ ಇವ್ರು ಲಾರೀಲಿ ಸುಣ್ಣ ತರಾಕೆ ಹೊಂಟಿದ್ರು. ನಾನು ಬುಡ್ಲಿಲ್ಲ. ಮನೆ ಹಿಂದೆ ಗೋಡೆಗೆ ಬಳಿಯೋ ಸುಣ್ಣ ಕಲಸೋ ಜಾಗದಲ್ಲಿ ಒಂದು ನಿಂಬೆ ಗಿಡ ಐತೆ, ಅದರ ಎಲೆಯೆಲ್ಲ ಹಳ್ದಿ ಆಗ್ಬುಟ್ಟಿತ್ತು. ಮೊದ್ಲು ಹತ್ತು ಗಿಡಕ್ಕೆ ಹಾಕಿ ನೋಡಾಣ ಅಂದೆ. ಹಳ್ದಿ ಆದ್ವು. ಅಲ್ಲಿಗೇ ನಿಲ್ಲಿಸ್ಬುಟ್ವಿ. ಆಮೇಲೆ ನಿಮ್ಮ ಎರಡನೇ ಕಾಗದಾನೂ ಬಂತು."

"ಬಂತಾ?" ನನ್ನ ದನಿ ಏರಿತು. "ಹಾಗಾದರೆ ಒಂದು ಉತ್ತರ ಬರೆಯಬಾರದಿತ್ತಾ?"

ಧರ್ಮಪ್ಪ ಕತ್ತು ಕೆರೆದುಕೊಂಡರು. "ಏನಂತ ಬರ್ಯಾದು ಸಾ? ಹೆಂಡ್ರು ಹೇಳಿದ್ದೇ ಸರಿಯಾಯ್ತು ಅಂತ ಸರ್ಕಾರಕ್ಕೆ ಬರ್ಯಾಕಾಯ್ತದಾ?"

ಇಡೀ ಕಣ ನಕ್ಕಿತು. ಕೃಷ್ಣಪ್ಪ ತೊಡೆ ತಟ್ಟಿಕೊಂಡು ನಕ್ಕರು. ನಾನು ನಗಲು ಹೋಗಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕಾಯಿತು. ಉಳಿದ ಹೊತ್ತೆಲ್ಲ ಪ್ರಶ್ನೆಗಳು. ಒಬ್ಬರಾದ ಮೇಲೆ ಒಬ್ಬರು ತಮ್ಮ ತೋಟದ ಮಣ್ಣಿನ ಬಗ್ಗೆ ಕೇಳಿದರು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಅದೂ ಸುಲಭವಾಗಿತ್ತು.

ಊಟಕ್ಕೆ ಅನ್ನ, ಸಾರು, ಹಲಸಿನ ಎಳೆಕಾಯಿಯ ಪಲ್ಯ. ಎರಡು ಸಲ ಬಡಿಸಿಕೊಂಡೆ. ಆಮೇಲೆ ಗಂಡಹೆಂಡತಿ ಇಬ್ಬರೂ ನನ್ನನ್ನು ತೋಟಕ್ಕೆ ಕರೆದೊಯ್ದರು. ಆ ಹತ್ತು ಗಿಡ ಬಾವಿಯ ಪಕ್ಕದ ಸಾಲಿನಲ್ಲಿದ್ದವು. ಎರಡು ವರ್ಷ ಸೊರಗಿ ಚೇತರಿಸಿಕೊಂಡವಂತೆ. ಈಗ ಬೇರೆ ಗಿಡಗಳಷ್ಟೇ ಹಸಿರು. ಎಲೆ ಮುಟ್ಟಿ ಮುಟ್ಟಿ ನೋಡಿದೆ. ಎಣಿಸಿದಾಗ ಒಂಬತ್ತೇ ಇದ್ದವು. ಹತ್ತನೆಯದರ ಜಾಗದಲ್ಲಿ ಮೊಣಕಾಲೆತ್ತರದ ಸಸಿ.

"ಇದೊಂದು ಹೋಯಿತಲ್ಲಮ್ಮಾ" ಎಂದೆ.

"ಅದು ಕಾಂಡ ಕೊರೆಯೋ ಹುಳ ಬಿದ್ದು ಹೋಗಿದ್ದು" ಎಂದರು ಗಂಗಮ್ಮ. "ಅದನ್ನೂ ನಿಮ್ಮ ತಲೆಗೇ ಕಟ್ಕಬ್ಯಾಡಿ."

ಮೂರೂವರೆಗೆ ಶಿವಣ್ಣ ಜೀಪು ತಂದರು. ಕೃಷ್ಣಪ್ಪ, ಲಲಿತಮ್ಮ, ನಾನು ಮೂವರೂ ಸಕಲೇಶಪುರಕ್ಕೆ. ಜೀಪು ಏರು ಹತ್ತುವಾಗ ಹಿಂತಿರುಗಿ ನೋಡಿದೆ. ತೋಟದ ಗೇಟಿನ ಹತ್ತಿರ ಧರ್ಮಪ್ಪ ಇನ್ನೂ ಕೈ ಬೀಸುತ್ತಿದ್ದರು. ಗಂಗಮ್ಮ ಆಗಲೇ ಬೆನ್ನು ತಿರುಗಿಸಿ, ಸೆರಗು ಸಿಕ್ಕಿಸಿಕೊಂಡು ತೋಟದೊಳಕ್ಕೆ ಇಳಿಯುತ್ತಿದ್ದರು. ಆರು ವರ್ಷ ನಾನು ಹೊತ್ತು ತಿರುಗಿದ್ದನ್ನು ಅವರು ಆ ವರ್ಷವೇ ಮರೆತು ಕೆಲಸಕ್ಕೆ ಹೋಗಿದ್ದರು. ತಿರುವಿನಲ್ಲಿ ಇಬ್ಬರೂ ಮರೆಯಾದರು. ಪಕ್ಕದಲ್ಲಿದ್ದ ಲಲಿತಮ್ಮನವರ ಹೆಗಲಿಗೆ ತಲೆ ತಾಗೀತು ಎಂದು ಎಚ್ಚರವಾಗಿರಲು ನೋಡಿದೆ. ಆಗಲಿಲ್ಲ, ಸಕಲೇಶಪುರದ ಹೊಳೆ ದಾಟುವವರೆಗೂ ನಿದ್ದೆ ಹೋಗಿಬಿಟ್ಟಿದ್ದೆ.